ಕಾಕಾನ ಟ್ರಿಪ್ಪು

ನಮ್ಮ ಸಿಂಧನೂರು ಕಡೆ ಮನೆಗೊಬ್ಬ ಕಾಕಾ ಇರುತ್ತಾನೆ. ದಸರೆ ಸೂಟಿ ಬಂತೆಂದರೆ ಎಲ್ಲರನ್ನೂ ಕ್ರೂಸರ್‌ನಲ್ಲಿ ತುಂಬಿಕೊಂಡು ಊರು ತೋರಿಸುವ ಹುಕಿ ಅವನಿಗೆ. ಬೆಳಿಗ್ಗೆ ಆರಕ್ಕೇ ಹಾರ್ನ್ ಹೊಡೆಸುತ್ತಾನೆ. ಗಾಡಿ ಬಿಡುವುದು ಒಂಬತ್ತಕ್ಕೆ. ಒಳಗೆ ಹದಿನಾಲ್ಕು ಮಂದಿ, ಮೇಲೆ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಮೊಸರಿನ ಡಬ್ಬಿ. ಮುಂದಿನ ಸೀಟು, ಕಿಟಕಿ ಪಕ್ಕ, ಕಾಕಾನದು. ಆ ಕಿಟಕಿ ಯಾಕೆ ಬೇಕೆಂಬುದು ಊರು ದಾಟಿದ ಮೇಲೆ ತಿಳಿಯುತ್ತದೆ.

"ಏಯ್, ನಿಂದ್ರಸು!"

ನೋಡುವ ಜಾಗ ಬಂತೆಂದು ಹುಡುಗರು ದಬದಬ ಇಳಿದರೆ ಎದುರಿಗಿರುವುದು ಯಾರದೋ ಭತ್ತದ ಗದ್ದೆ. ಕಾಕಾ ಧೋತರ ಎತ್ತಿಕಟ್ಟಿ ಬದುವಿಗಿಳಿದು, ಒಂದು ಗರಿ ಕಿತ್ತು, ಬಿಸಿಲಿಗೆ ಹಿಡಿದು ತೀರ್ಪು ಕೊಡುತ್ತಾನೆ: "ಬೆಂಕಿ ರೋಗ ಬಿದ್ದೈತಿ. ಇಂವ ಯೂರಿಯಾ ಭಾಳ ಒಗದಾನ." ಗದ್ದೆಯವನು ಅಲ್ಲೇ ಇದ್ದನೋ, ಕೆಟ್ಟಿತು. ಎಕರೆಗೆ ಎಷ್ಟು ಚೀಲ, ಲೀಜು ಎಷ್ಟು, ಕಾಲುವೆ ನೀರು ಕಡೀ ಹೊಲಕ್ಕೆ ಮುಟ್ಟೈತೋ ಇಲ್ಲೋ. ಮಸ್ಕಿ ಹೆಚ್ಚೆಂದರೆ ಮೂವತ್ತು ಕಿಲೋಮೀಟರು; ಹೋದ ಸಲ ನಮಗೆ ಹಿಡಿದದ್ದು ಎರಡೂವರೆ ತಾಸು.

ಮಸ್ಕಿಯಲ್ಲಿ ಅಶೋಕನ ಶಾಸನ. 1915ರಲ್ಲಿ ಚಿನ್ನದ ಜಾಡು ಹುಡುಕುತ್ತ ಬಂದ ಬೀಡನ್ ಎಂಬ ಇಂಜಿನಿಯರ್‌ನ ಕಣ್ಣಿಗೆ ಬಿದ್ದ ಬಂಡೆ. ಊರೂರಿನ ಶಾಸನಗಳ 'ದೇವಾನಾಂಪ್ರಿಯ' ಯಾರೆಂದು ತಲೆ ಕೆಡಿಸಿಕೊಂಡಿದ್ದ ವಿದ್ವಾಂಸರಿಗೆ ಇಲ್ಲಿ ಅಶೋಕನ ಹೆಸರೇ ಸಿಕ್ಕಿತು. ಟೀಚರ್ ಆಗಿರುವ ನಮ್ಮಕ್ಕ ಬಂಡೆ ಮುಂದೆ ನಿಂತು ಇಷ್ಟನ್ನೂ ಹೇಳಿದಳು. ಕಾಕಾ ಬಂಡೆಗೆ ಬೆನ್ನು ಹಾಕಿ ಗುಡ್ಡದ ಕೆಳಗಿನ ಹೊಲ ನೋಡುತ್ತಿದ್ದ.

"ನೀರಿನ ಬಗ್ಗೆ ಏನರ ಬರದಾನೇನು?"

"ಇದರಾಗ ಇಲ್ಲ ಕಾಕಾ."

"ಮತ್ತೇನು ಬರದ!"

ಲಿಂಗಸುಗೂರು ಒಂದು ಕಾಲಕ್ಕೆ ದಂಡು ಬೀಡುಬಿಟ್ಟ ಛಾವಣಿ. ಅಲ್ಲಿ ಹಟ್ಟಿಯ ಬೋರ್ಡು ಕಂಡಿತು. "ಚಿನ್ನದ ಗಣಿ ನೋಡೂನಲ್ರಿ" ಎಂದಳು ಚಿಗವ್ವ.

"ಒಳಗ ಬಿಡಂಗಿಲ್ಲ."

"ಗಣ್ಯಾಗ ಬ್ಯಾಡ. ಅಂಗಡ್ಯಾಗ ಬಿಡ್ತಾರಲ್ಲ?"

ಇಡೀ ದಾರಿಯಲ್ಲಿ ಕಾಕಾ ಡ್ರೈವರಿಗೆ "ಒತ್ತು" ಎಂದದ್ದು ಅಲ್ಲಿ ಮಾತ್ರ. ಮುಂದೆ ಎಷ್ಟು ಗದ್ದೆ ಬಂದವೋ, ಒಂದೂ ಅವನಿಗೆ ಕಾಣಲಿಲ್ಲ. ಮುದಗಲ್ ಕೋಟೆ ಎಂದಿನಂತೆ 'ಮುಂದಿನ ಸಲ'ಕ್ಕೆ ಹೋಯಿತು. ಹತ್ತು ವರ್ಷದಿಂದ ಅದು ಅಲ್ಲೇ ಇದೆ.

ಕಡೆಗೆ ನಾರಾಯಣಪುರದ ಬಸವಸಾಗರ. ಕೃಷ್ಣೆಯ ಹಿನ್ನೀರು ಕಂಡದ್ದೇ ಹುಡುಗರು "ಸಮುದ್ರ, ಸಮುದ್ರ" ಎಂದು ಕುಣಿದರು. ಹೊಟ್ಟೆ ಚುರ್ ಎನ್ನುತ್ತಿತ್ತು. ಚಿಗವ್ವ ಗಂಟಿಗೆ ಕೈ ಹಾಕಿದರೆ ಕಾಕಾ "ತಡಿ" ಎಂದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿತ್ತಲ್ಲ, ಅಲ್ಲಿ ತಾತ್ಕಾಲಿಕ ಗೇಟು ಕೂಡ್ರುವ ತನಕ ಈ ಮನುಷ್ಯ ಸರಿಯಾಗಿ ಉಂಡಿರಲಿಲ್ಲ. ನಾಟಿ ಮಾಡಿದ ಗದ್ದೆ, ಹರಿದುಹೋಗುವ ನೀರು, ಕೈಯಲ್ಲಿ ಟಿವಿ ರಿಮೋಟು.

ಈಗ ದೂರದಿಂದಲೇ ಬೆರಳೆತ್ತಿ ಬಸವಸಾಗರದ ಗೇಟು ಎಣಿಸತೊಡಗಿದ. ಹದಿನೇಳು, ಹದಿನೆಂಟು. ಬೆರಳು ನಿಂತಿತು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.

"ಗಟ್ಟಿ ಐತಿ," ಎಂದು ನಮ್ಮ ಕಡೆ ತಿರುಗಿದ. "ಹ್ಞೂಂ, ಈಗ ರೊಟ್ಟಿ ಬಿಚ್ರಿ."