ಗಂಟೆ, ತಾರೀಕು, ಚೀಲ

ಕೇಂದ್ರ ಬಜೆಟ್‌ನಲ್ಲಿ ಸುಧಾರಣೆಯೇ ಆಗುತ್ತಿಲ್ಲ ಎಂದು ಗೊಣಗುವವರಿಗೆ ವಿಷಯಜ್ಞಾನ ಸಾಲದು. ಬ್ರಿಟಿಷರ ಕಾಲದಿಂದ ಸಂಜೆ 5ಕ್ಕೆ ಮಂಡನೆಯಾಗುತ್ತಿದ್ದ ಬಜೆಟ್ಟನ್ನು 1999ರಲ್ಲಿ ಯಶವಂತ ಸಿನ್ಹಾ ಬೆಳಿಗ್ಗೆ 11ಕ್ಕೆ ತಂದರು. 2017ರಲ್ಲಿ ಅದು ಫೆಬ್ರವರಿಯ ಕೊನೆಯ ದಿನದಿಂದ ಮೊದಲ ದಿನಕ್ಕೆ ಬಂತು. 2019ರಲ್ಲಿ ನಿರ್ಮಲಾ ಸೀತಾರಾಮನ್ ಸೂಟ್‌ಕೇಸ್ ಬಿಟ್ಟು ಕೆಂಪು ಬಟ್ಟೆಯ ಕಡತ ಹಿಡಿದರು. 2021ರಲ್ಲಿ ಕೆಂಪು ಬಟ್ಟೆಯೊಳಗೆ ಟ್ಯಾಬ್ಲೆಟ್ ಬಂದು ಕೂತಿತು. ಇನ್ನು ಉಳಿದದ್ದು ಒಳಗಿನ ಲೆಕ್ಕ. ಸಣ್ಣ ವಿಷಯವೇ, ಆದರೂ ನೋಡಿಬಿಡೋಣ.

2025–26ರ ಬಜೆಟ್ ಪ್ರಕಾರ ಬರುವ ಪ್ರತಿ ರೂಪಾಯಿಯಲ್ಲಿ 24 ಪೈಸೆ ಸಾಲ. ಹೋಗುವ ರೂಪಾಯಿಯಲ್ಲಿ 20 ಪೈಸೆ ಬಡ್ಡಿ. ಅಂದರೆ ತಂದ ಸಾಲದಲ್ಲೇ ಬಡ್ಡಿ ಕಟ್ಟಿ ಇನ್ನೂ 4 ಪೈಸೆ ಕೈಯಲ್ಲಿರುತ್ತದೆ. ಇದನ್ನು ಉಳಿತಾಯ ಎನ್ನಲು ಹಣಕಾಸು ಸಚಿವಾಲಯಕ್ಕೆ ಯಾಕೆ ಸಂಕೋಚವೋ! ಇದೇ ಲೆಕ್ಕ ಹಿಡಿದು ನೀವು ಊರಿನ ಸಹಕಾರ ಸಂಘಕ್ಕೆ ಹೋದರೆ ಕಾರ್ಯದರ್ಶಿ ಕನ್ನಡಕ ಕೆಳಗಿಳಿಸಿ, ಜಾಮೀನು ಯಾರು ಎಂದು ಕೇಳಿಯಾರು. ಅವರು ಅರ್ಥಶಾಸ್ತ್ರ ಓದಿದವರಲ್ಲ.

ಲೆಕ್ಕದ ಗೌಪ್ಯವನ್ನೂ ಗಮನಿಸಬೇಕು. ದೊಡ್ಡ ಬಾಣಲೆಯಲ್ಲಿ ಹಲ್ವಾ ಕಲಕಿ, ಸಚಿವರೇ ಬಡಿಸುತ್ತಾರೆ. ಆಮೇಲೆ ಬಜೆಟ್ ಸಿದ್ಧಪಡಿಸುವ ಅಧಿಕಾರಿ, ನೌಕರರು ಭಾಷಣ ಮುಗಿಯುವ ತನಕ ಮನೆಗೆ ಹೋಗುವಂತಿಲ್ಲ. ಎಷ್ಟು ಸಾಲ ಮಾಡುತ್ತೇವೆಂಬುದು ತೀರಿಸಬೇಕಾದವರಿಗೆ ಮುಂಚಿತವಾಗಿ ತಿಳಿದರೆ ಕಷ್ಟ.

ಶಿಸ್ತಿಗೆ 2003ರ ಕಾಯ್ದೆಯೇ ಇದೆ. ಅದರಂತೆ ರಾಜಸ್ವ ಕೊರತೆ ಸೊನ್ನೆಗೆ ಇಳಿಯಬೇಕಿತ್ತು. ಇಳಿಯಲಿಲ್ಲ. 2012ರಲ್ಲಿ ತಿದ್ದುಪಡಿ ತಂದು, ಆಸ್ತಿ ನಿರ್ಮಾಣಕ್ಕೆ ಕೊಟ್ಟ ಅನುದಾನ ಕಳೆದು ಉಳಿಯುವ ಕೊರತೆ ಮಾತ್ರ ಸೊನ್ನೆಯಾದರೆ ಸಾಕು ಎಂದರು. ಅದೂ ಆಗಲಿಲ್ಲ. 2018ರಲ್ಲಿ ಆ ಗುರಿಗಳನ್ನೇ ಕಾಯ್ದೆಯಿಂದ ತೆಗೆದರು. ಅಲ್ಲಿಂದೀಚೆಗೆ ಒಮ್ಮೆಯೂ ತಪ್ಪಿಲ್ಲ.

ಉಳಿದದ್ದು ವಿತ್ತೀಯ ಕೊರತೆ. 2021ರ ಮಾರ್ಚ್ 31ರೊಳಗೆ ಅದನ್ನು ಜಿಡಿಪಿಯ ಶೇ 3ಕ್ಕೆ ಇಳಿಸಬೇಕಿತ್ತು. 2025–26ರ ಅಂದಾಜು ಶೇ 4.4. ನಡುವೆ ಕೋವಿಡ್ ಬಂತು, ಒಪ್ಪೋಣ. ಆದರೆ ನಮ್ಮಂಥ ಬಲ್ಲವರ ಪ್ರಕಾರ ದೋಷವಿರುವುದು ಮಾರ್ಚ್ 31ರಲ್ಲಿ. ಪ್ರತಿವರ್ಷ ತಪ್ಪದೆ ಬರುತ್ತದೆ. ಆರ್ಥಿಕ ವರ್ಷವನ್ನೇ ಬದಲಿಸಬಹುದೇ ಎಂದು ಪರಿಶೀಲಿಸಲು 2016ರಲ್ಲಿ ಶಂಕರ್ ಆಚಾರ್ಯ ಸಮಿತಿ ರಚಿಸಿ, ವರದಿಯನ್ನೂ ಪಡೆದಾಗಿದೆ. ಬದಲಿಸಿಬಿಟ್ಟರೆ ಮಾರ್ಚ್ 31 ಮಂಗಳವಾರವೋ ಬುಧವಾರವೋ ಆಗಿ, ಯಾರಿಗೂ ತೊಂದರೆ ಕೊಡದೆ ಕಳೆದುಹೋಗುತ್ತದೆ.