ಫರ್ಸಿ ಬೇಲಿ, ಫಿಲ್ಟರ್ ಮಾತು

ಏನ್ರಿ ಮಾಸ್ತರ, ಮೀನಿನ ತೊಟ್ಟಿ ಫಿಲ್ಟರ್ ರಾತ್ರಿಯೆಲ್ಲಾ ಗುರ್‌ಗುರ್ ಅನ್ಲಕತ್ತದಂತ, ನಿಮ್ಮ ಹುಡುಗ ಹೇಳ್ದ. ಪ್ಲಗ್ ಕಿತ್ತಿ ಬಿಚ್ಚಿ ನೋಡ್ರಿ. ಒಳಗ ಸಣ್ಣ ರೆಕ್ಕಿ ಇರ್ತದಲ್ಲ, ಇಂಪೆಲ್ಲರ್, ಅದರ ಕಡ್ಡಿಗೆ ಬಿಳಿ ಪುಡಿ ಕಟ್ಟಿರ್ತದ. ತಾಂಡೂರಿನ ಬೋರ್ ನೀರು, ಮತ್ತೇನು ಕಟ್ಟಬೇಕು? ಈಗ ನಾವಿಬ್ಬರೂ ಕೈ ಊರಿ ನಿಂತೀವಲ್ಲ, ಈ ಬೇಲಿ ಫರ್ಸಿ ಚಪ್ಪಡಿನೂ ಸುಣ್ಣದ ಕಲ್ಲೇ. ನೆಲಕ್ಕ ಅದೇ, ಗೋಡಿಗಿ ಅದೇ, ಸಿಮೆಂಟ್ ಫ್ಯಾಕ್ಟರಿಗೂ ಅದೇ. ನೀರಿಗಿ ಬರದೆ ಬಿಟ್ಟೀತೇನು? ರೆಕ್ಕಿ ಮತ್ತ ಕಡ್ಡಿ ಒಂದಷ್ಟು ಹೊತ್ತು ವಿನೆಗರ್‌ನಾಗ ನೆನಸಿ, ಹಳೇ ಹಲ್ಲಿನ ಬ್ರಷ್‌ಲೆ ತಿಕ್ಕಿ, ಚಲೋ ತೊಳದು ಹಾಕ್ರಿ. ಅಷ್ಟಾದರೂ ಗುರ್ ಅಂದ್ರ ಒಳಗ ಗಾಳಿ ಸಿಕ್ಕಿರ್ತದ. ಫಿಲ್ಟರ್ ಡಬ್ಬಿ ಆ ಕಡಿ ಈ ಕಡಿ ವಾಲಿಸಿದ್ರ ಗುಳ್ಳಿ ಹೊರಗ ಬರ್ತಾವ.

ಮತ್ತ, ಚಂದ ಕಾಣ್ತದಂತ ನೀಲಿ ಫರ್ಸಿ ಚೂರು ತೊಟ್ಯಾಗ ಇಟ್ಟೀರಲ್ಲ, ಅದನ್ನ ತೆಗೀರಿ. ಗಿಡಕ್ಕಂತ ಕಾರ್ಬನ್ ಡೈಆಕ್ಸೈಡ್ ಬಿಟ್ರಂತೂ ಅದು ಇನ್ನೂ ಕರಗಿ ನೀರು ಗಡಸು ಆಗ್ತದ. ಕಲ್ಲೇ ಬೇಕಂದ್ರ ಜಹೀರಾಬಾದ್ ಕಡಿ ಕೆಂಪು ಜಂಬಿಟ್ಟಿಗೆ ತರಿಸ್ರಿ, ಅದರಾಗ ಸುಣ್ಣಕ್ಕಿಂತ ಕಬ್ಬಿಣ ಜಾಸ್ತಿ. 1980ರ ದಶಕದಾಗ ಜರ್ಮನಿಯ ಡುಪ್ಲಾ ಕಂಪನಿಯವರು ಗಿಡದ ತೊಟ್ಟಿ ತಳಕ್ಕ ಇಂಥದೇ ಜಂಬಿಟ್ಟಿಗೆ ಪುಡಿ ಮಾರ್ತಿದ್ರು. ಅಲ್ಲಿ ಅದಕ್ಕ ರೊಕ್ಕ, ಇಲ್ಲಿ ನಾವು ಅದರ ಮ್ಯಾಲೆ ಚಪ್ಪಲಿ ಹಾಕ್ಕೊಂಡು ಓಡಾಡ್ತೀವಿ!

ಫಿಲ್ಟರ್ ಅತಿ ದೊಡ್ಡದಾದ್ರ ಏನಾಗ್ತದಂತ ನಮ್ಮ ನಾರಾಯಣಖೇಡದ ಅಳಿಯನ್ನ ಕೇಳ್ರಿ. ಅವನ ತೊಟ್ಟಿ ಎರಡು ಅಡಿ ಉದ್ದ, ಒಂದೊಂದಡಿ ಅಗಲ ಎತ್ತರ. ತುಂಬಿಸಿದ್ರ 54 ಲೀಟರ್ ಹಿಡೀತದ, ಮಳಲು ಕಲ್ಲು ಹಾಕಿದ ಮ್ಯಾಲೆ ಅಷ್ಟೂ ಇಲ್ಲ. ಅದಕ್ಕ ತಾಸಿಗೆ 1200 ಲೀಟರ್ ಎಳಿಯೋ ಕ್ಯಾನಿಸ್ಟರ್ ಫಿಲ್ಟರ್ ತಂದಾನ. ಗಿಡ ಎಲ್ಲಾ ಗಾಳಿಗೆ ಬಿದ್ದ ಜ್ವಾಳದಂಗ ಒಂದೇ ಕಡಿ ಮಲಗ್ಯಾವ. ತೊಟ್ಟಿ ನೀರು ತಾಸಿಗೆ ನಾಕರಿಂದ ಆರು ಸಲ ತಿರುಗಿದ್ರ ಸಾಕ್ರಿ, ಅಂದ್ರ ಇದಕ್ಕ 200ರಿಂದ 300 ಲೀಟರ್. ಡಬ್ಬಿ ಮ್ಯಾಲಿನ ಅಂಕಿ ಒಳಗ ಸ್ಪಂಜು ಇಲ್ಲದಾಗಿನ ಲೆಕ್ಕ, ಹಂಗಾಗಿ ಒಂದೀಟು ಹೆಚ್ಚಿಂದು ತಗೊಂಡ್ರ ಅಡ್ಡಿಯಿಲ್ಲ.

ಅದಕ್ಕಿಂತ ದೊಡ್ಡ ಫಜೀತಿ ಕರೆಂಟಿಂದು. ಕ್ಯಾನಿಸ್ಟರ್ ಅಂದ್ರ ಮುಚ್ಚಿದ ಡಬ್ಬಿ. ತಾಸುಗಟ್ಟಲೆ ನಿಂತ್ರ ಒಳಗಿನ ಬ್ಯಾಕ್ಟೀರಿಯಾಕ್ಕ ಆಮ್ಲಜನಕ ಸಿಗಂಗಿಲ್ಲ, ಸತ್ತು ನಾರ್ತಾವ. ಕರೆಂಟ್ ಬಂದ ಕೂಡ್ಲೆ ಆ ಹೊಲಸೆಲ್ಲಾ ಸೀದಾ ತೊಟ್ಟಿಗೆ. ಭಾಳ ಹೊತ್ತು ನಿಂತಿದ್ರ ಮೊದಲು ಡಬ್ಬಿ ನೀರು ಚೆಲ್ರಿ, ಆಮ್ಯಾಲೆ ಚಾಲೂ ಮಾಡ್ರಿ. ನನ್ನ ಕೇಳಿದ್ರ ಈ ಕಡಿ ಊರಿಗಿ ಸ್ಪಂಜ್ ಫಿಲ್ಟರೇ ಸೈ. ಕಿಮ್ಮತ್ತು ಕಮ್ಮಿ, ಬ್ಯಾಟರಿ ಗಾಳಿ ಪಂಪಿನ ಮ್ಯಾಲೂ ನಡೀತದ. ಪಂಪು ಮಾತ್ರ ನೀರಿನ ಮಟ್ಟಕ್ಕಿಂತ ಮ್ಯಾಲೆ ಇಡ್ರಿ, ಇಲ್ಲಾಂದ್ರ ಕರೆಂಟ್ ಹೋದಾಗ ನೀರು ಪೈಪಿನಾಗ ಹಿಂದಕ್ಕ ಬಂದು ಮಷೀನ್ ಕೆಡ್ತದ. ಸಿಲಿಂಡರ್ ಇಟ್ಟು ಕಾರ್ಬನ್ ಡೈಆಕ್ಸೈಡ್ ಬಿಡೋರಿಗೆ ಕ್ಯಾನಿಸ್ಟರೇ ಬೇಕು, ಸ್ಪಂಜ್ ಫಿಲ್ಟರಿನ ಗುಳ್ಳಿಗಿ ಅದು ಹಾರಿಹೋಗ್ತದ. ನಿಮಗ್ಯಾಕ ಆ ಉಸಾಬರಿ? ವ್ಯಾಲಿಸ್ನೇರಿಯಾ ಹುಲ್ಲು ನೆಡ್ರಿ, ಗಡಸು ನೀರಾಗೇ ಖುಷಿಲಿಂದ ಬೆಳೀತದ.

ನೀರು ಹಸರಾದ್ರ ಫಿಲ್ಟರಿಗಿ ಬೈಬ್ಯಾಡ್ರಿ, ಲೈಟ್ ಕಮ್ಮಿ ಮಾಡ್ರಿ. ಹಾಲಿನಂಗ ಬೆಳ್ಳಗಾದ್ರ ಮಾತ್ರ ನನಗ ನಿಮ್ಮ ಮ್ಯಾಲೇ ಅನುಮಾನ, ಸ್ಪಂಜು ನಳದ ಕೆಳಗ ಹಿಡಿದು ಫಳಫಳ ತೊಳದಿರ್ತೀರಿ! ಕ್ಲೋರಿನ್ ನೀರಿಗಿ ಬ್ಯಾಕ್ಟೀರಿಯಾ ಉಳೀತಾವೇನು? ಮೀನಿನ ಹೊಲಸಿನ ಅಮೋನಿಯಾ ಮೊದಲು ನೈಟ್ರೈಟ್, ಆಮ್ಯಾಲೆ ನೈಟ್ರೇಟ್ ಮಾಡೋವು ಅವೇ; ನೈಟ್ರೇಟ್ ಗಿಡ ತಿಂತದ. 1829ರಾಗ ಲಂಡನ್‌ನ ಚೆಲ್ಸಿಯೊಳಗ ಜೇಮ್ಸ್ ಸಿಂಪ್ಸನ್ ಕಟ್ಟಿಸಿದ ಮಳಲಿನ ಫಿಲ್ಟರ್‌ದಾಗೂ ಕೆಲಸ ಮಾಡಿದ್ದು ಮಳಲಿನ ಮ್ಯಾಲೆ ಕಟ್ಟಿದ ಇಂಥ ಬ್ಯಾಕ್ಟೀರಿಯಾ ಲೋಳಿನೇ. ಅದಕ್ಕ ತೊಟ್ಟಿಯಿಂದ ತೆಗೆದ ನೀರಾಗೇ ಸ್ಪಂಜು ಮೆಲ್ಲಗ ಎರಡು ಸಲ ಹಿಂಡಿ ಬಿಡ್ರಿ.

ಹೊಸ ಸ್ಪಂಜಿನಾಗ ಬ್ಯಾಕ್ಟೀರಿಯಾ ಬೆಳೆದು ಪಳಗಲಿಕ್ಕ ನಾಕರಿಂದ ಆರು ವಾರ ಬೇಕು. ಅಷ್ಟು ದಿನ ಕಾಯಬ್ಯಾಡ್ರಿ, ನನ್ನ ತೊಟ್ಟಿ ಹಳೇ ಸ್ಪಂಜಿನಾಗ ಅರ್ಧ ಕತ್ತರಿಸಿ ಕೊಡ್ತೀನಿ, ನಿಮ್ಮ ಫಿಲ್ಟರ್ ಒಳಗ ಸೇರಸ್ರಿ. ಒಂದೀಟು ನಾರ್ತದ. ನಿಮ್ಮ ಮನೆಯವರು ಕಂಡ್ರ ತೊಳದು ಬಿಸಿಲಿಗಿ ಹಾಕಿಬಿಡ್ತಾರ, ಹಿತ್ತಲ ಬಾಗಿಲಿಂದ ಒಯ್ರಿ.