ಎರಡೇ ವರ್ಷಕ್ಕೆ ಹಳಸುವ ಇಂಗ್ಲಿಷು

ಮೈಸೂರು

ಒಟ್ಟಾವಾದಲ್ಲಿರುವ ಕೆನಡಾ ವಲಸೆ ಇಲಾಖೆಯ ಮಹನೀಯರಿಗೆ,

ನೀವು ಒಪ್ಪುವ ಐಇಎಲ್‌ಟಿಎಸ್ ಜನರಲ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಬರವಣಿಗೆಯ ಮೊದಲ ಪ್ರಶ್ನೆಯೇ ಒಂದು ಕಾಗದ. ಕಡಿಮೆಯೆಂದರೆ 150 ಪದ, ಎಷ್ಟೋ ಸಲ ಅದು ದೂರಿನ ಕಾಗದವೇ. ಇಲ್ಲದ ಹೋಟೆಲಿನ ಮೇಲೆ, ಕೊಳ್ಳದ ಸಾಮಾನಿನ ಮೇಲೆ ದೂರು ಬರೆಯುವುದನ್ನು ನಮ್ಮ ಹುಡುಗ ಹುಡುಗಿಯರು ಟ್ಯೂಷನ್ ಫೀಸು ಕೊಟ್ಟು ಕಲಿಯುತ್ತಿದ್ದಾರೆ. ಇಷ್ಟು ಅಭ್ಯಾಸವಾದ ಮೇಲೆ ಒಂದನ್ನಾದರೂ ನಿಜವಾದ ವಿಳಾಸಕ್ಕೆ ಕಳಿಸದಿದ್ದರೆ ವಿದ್ಯೆಗೆ ಅವಮಾನ. ಇದು 150 ಪದ ದಾಟುತ್ತದೆ. ಹೆಚ್ಚು ಬರೆದರೆ ಅಂಕ ಕಳೆಯುವುದಿಲ್ಲವಂತೆ.

ಹೇಳಬೇಕೆಂದಿದ್ದ ದೂರುಗಳು ಹಲವು, ಎಲ್ಲವನ್ನೂ ಒಂದೇ ನುಂಗಿಹಾಕಿದೆ: ಪರೀಕ್ಷೆಯ ಫಲಿತಾಂಶಕ್ಕೆ ನೀವು ಕೊಟ್ಟಿರುವ ಎರಡು ವರ್ಷದ ಆಯುಸ್ಸು. ನುರಿತ ಕೆಲಸಗಾರರನ್ನು ಅಂಕ ನೋಡಿ ಕರೆಯುವ ನಿಮ್ಮ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪ್ರೊಫೈಲ್ ಹಾಕುವ ದಿನ ಆ ಫಲಿತಾಂಶಕ್ಕೆ ಜೀವವಿರಬೇಕು, ಕರೆ ಬಂದು ಅರ್ಜಿ ಸಲ್ಲಿಸುವ ದಿನವೂ ಇರಬೇಕು. ಬೇಗ ಬರೆದರೆ ಕರೆ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ತಡಮಾಡಿದರೆ ವಯಸ್ಸು ಕೈಕೊಡುತ್ತದೆ: ಒಂಟಿ ಅರ್ಜಿದಾರರಿಗೆ 29ರವರೆಗೆ 110 ಅಂಕ, ಮೂವತ್ತರಿಂದ ನಲವತ್ತರವರೆಗೆ ಒಂದೊಂದು ಹುಟ್ಟುಹಬ್ಬಕ್ಕೂ ಐದೋ ಆರೋ ಖೋತಾ. ನಡುವೆ ಅರ್ಧ ಬ್ಯಾಂಡಿನ ಕಾಟ ಬೇರೆ. ಬರವಣಿಗೆಯಲ್ಲಿ ಏಳರ ಬದಲು ಆರೂವರೆ ಬಂತೆನ್ನಿ; ಮಾಸ್ಟರ್ಸ್ ಡಿಗ್ರಿ, ಮೂರು ವರ್ಷದ ಅನುಭವ ಇದ್ದವರಿಗೆ ಭಾಷೆಯ ಲೆಕ್ಕದಲ್ಲಿ 8, ಓದು ಮತ್ತು ಅನುಭವದ ಲೆಕ್ಕದಲ್ಲಿ 50, ಒಟ್ಟು 58 ಅಂಕ ಹೋಯಿತು. ಹಾಗಾಗಿ ಮತ್ತೆ ಬರೆಯಬೇಕು, ಮತ್ತೆ ಹದಿನೇಳು ಸಾವಿರಕ್ಕೂ ಮೇಲೆ ಕಟ್ಟಬೇಕು. ಮುಹೂರ್ತ ಇಡುವುದರಲ್ಲಿ ಪಳಗಿದ ಊರು ನಮ್ಮದು. ಆದರೂ ವಯಸ್ಸು, ನೀವು ಕರೆ ಕಳಿಸುವ ಡ್ರಾ, ಫಲಿತಾಂಶ ಮೂರೂ ಕೂಡಿಬರುವ ದಿನವನ್ನು ಹೇಳುವ ಪಂಚಾಂಗ ಇಲ್ಲಿ ಇನ್ನೂ ಅಚ್ಚಾಗಿಲ್ಲ.

ನಂದಿನಿ ಹಾಲಿನ ಪ್ಯಾಕೆಟ್ಟಿನ ಮೇಲೆ ದಿನಾಂಕ ಹಾಕುವುದು ನಮಗೆ ಅರ್ಥವಾಗುತ್ತದೆ, ಹಾಲು ಕೆಡುತ್ತದೆ. ಇಂಗ್ಲಿಷು ಯಾವ ಲೆಕ್ಕದಲ್ಲಿ ಕೆಡುತ್ತದೆ? ಆಸ್ಟ್ರೇಲಿಯಾದವರ ನುರಿತ ಕೆಲಸಗಾರರ ವೀಸಾಕ್ಕೆ ಮೂರು ವರ್ಷದ ಹಿಂದಿನ ಫಲಿತಾಂಶವೂ ನಡೆಯುತ್ತದೆ. ಅದೇ ಪರೀಕ್ಷೆ, ಅದೇ ಅಂಕಪಟ್ಟಿ. ಅಷ್ಟು ಬಿಸಿಲಿನ ದೇಶದಲ್ಲಿ ಮೂರು ವರ್ಷ ಉಳಿಯುವ ಇಂಗ್ಲಿಷು, ಹಿಮ ಸುರಿಯುವ ನಿಮ್ಮ ದೇಶದಲ್ಲಿ ಎರಡೇ ವರ್ಷಕ್ಕೆ ಹಳಸುವುದೆಂದರೆ ಫ್ರಿಜ್ಜಿನಲ್ಲೇ ಏನೋ ದೋಷವಿರಬೇಕು. ಮೈಸೂರಿನ ಆರ್.ಕೆ. ನಾರಾಯಣ್ 'ದಿ ವೆಂಡರ್ ಆಫ್ ಸ್ವೀಟ್ಸ್' ಬರೆದದ್ದು 1967ರಲ್ಲಿ, ಮುಂದಿನ ಕಾದಂಬರಿ 'ದಿ ಪೇಂಟರ್ ಆಫ್ ಸೈನ್ಸ್' ಬಂದದ್ದು 1976ರಲ್ಲಿ. ನಿಮ್ಮ ಲೆಕ್ಕ ಹಿಡಿದರೆ ಎರಡರ ನಡುವೆ ಅವರ ಇಂಗ್ಲಿಷು ನಾಲ್ಕು ಸಲ ಹಳಸಿತ್ತು. 1969ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನವೂ ಈ ಊರಿನಲ್ಲಿದೆ. ಭಾಷೆಯ ಶೆಲ್ಫ್ ಲೈಫ್ ಕಂಡುಹಿಡಿಯುವ ಕೆಲಸವನ್ನು ನೀವು ಅಲ್ಲಿಗೇ ವಹಿಸಬಹುದಿತ್ತು.

ಭಾಷೆಗೆ ತುಕ್ಕು ಹಿಡಿಯುತ್ತದೆ ಎನ್ನುತ್ತೀರಿ. ಬಳಸದಿದ್ದರೆ ಹಿಡಿಯುತ್ತದೆ, ಒಪ್ಪಿದೆ. ಆದರೆ ನಮ್ಮೂರಿನ ಹೆಬ್ಬಾಳದ ಐಟಿ ಆಫೀಸುಗಳಲ್ಲಿ ಕೂತು ರಾತ್ರಿ ಹತ್ತರವರೆಗೆ ಹೊರದೇಶದ ಕ್ಲೈಂಟುಗಳ ಕಾಲ್ ತೆಗೆದುಕೊಳ್ಳುವವರ ನಾಲಿಗೆಗೆ ಯಾವ ತುಕ್ಕು? ಹಿಡಿಯುವುದಿದ್ದರೆ ಅವರ ಫ್ರೆಂಚಿಗೆ ಹಿಡಿಯುತ್ತದೆ. 2024ರ ಫೆಬ್ರವರಿ 29ರಂದು ಫ್ರೆಂಚ್ ಬಲ್ಲವರನ್ನು ನೀವು 336 ಅಂಕಕ್ಕೇ ಕರೆದಿರಿ. ಐನೂರರ ಆಸುಪಾಸು ಕಾದು ಕೂತವರು ಆಗಿನಿಂದ ಫ್ರೆಂಚ್ ಪುಸ್ತಕ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಫ್ರೆಂಚಿನಲ್ಲಿ ಚೌಕಾಸಿ ಮಾಡಿ ಅದನ್ನು ಉಳಿಸಿಕೊಳ್ಳಲಾಗುವುದಿಲ್ಲ, ಪರೀಕ್ಷೆ ಮುಗಿದ ಎರಡೇ ತಿಂಗಳಿಗೆ ಅರ್ಧ ಮರೆತುಹೋದೀತು. ಅದಕ್ಕೂ ಎರಡು ವರ್ಷ! ಒಂದನೇ ಕ್ಲಾಸಿನಿಂದ ಕಲಿತ ಇಂಗ್ಲಿಷಿಗೂ ಎರಡು ವರ್ಷ. ತುಕ್ಕನ್ನು ಅಳೆಯುವುದೇ ನಿಮ್ಮ ಉದ್ದೇಶವಾಗಿದ್ದರೆ ಎರಡಕ್ಕೂ ಒಂದೇ ದಿನಾಂಕದ ಮೊಹರು ಬೀಳುತ್ತಿರಲಿಲ್ಲ.

ನಿಯಮ ಎಲ್ಲರಿಗೂ ಒಂದೇ ಎಂಬ ಮಾತನ್ನು ಗೌರವಿಸುತ್ತೇನೆ. ಲಂಡನ್ನಿನಲ್ಲಿ ಹುಟ್ಟಿದವರನ್ನೂ ನೀವು ಈ ಪರೀಕ್ಷೆಗೆ ಕೂರಿಸುತ್ತೀರಿ; ಸ್ವತಃ ಇಂಗ್ಲೆಂಡಿನವರಿಗೆ ಆ ನ್ಯಾಯಬುದ್ಧಿ ಇಲ್ಲ, ಅಮೆರಿಕನ್ನರನ್ನು ಬಿಟ್ಟು ನಮ್ಮನ್ನು ಹಿಡಿಯುತ್ತಾರೆ. ಮೋಸ ತಡೆಯಬೇಡವೇ ಎಂದರೆ, ಖಂಡಿತ ಬೇಕು. ಆದರೆ ಬೇರೆಯವರನ್ನು ಕೂರಿಸಿ ಪರೀಕ್ಷೆ ಬರೆಸಿದ್ದರೆ ಅದು ಮೊದಲ ದಿನವೇ ಮೋಸ, ಎರಡು ವರ್ಷ ತುಂಬಿದ ಮಾರನೆಯ ದಿನದಿಂದಲ್ಲ. ಇನ್ನು, ಹೋಗಿ ಅಂದವರು ಯಾರು, ಇಲ್ಲೇ ಇರಬಾರದಾ ಎನ್ನುವ ನಮ್ಮೂರಿನ ಹಿರಿಯರಿದ್ದಾರೆ. ಅವರ ಪ್ರಶ್ನೆಗೆ ಉತ್ತರಿಸುವ ಹೊಣೆ ನಿಮ್ಮದಲ್ಲ, ಅದು ನಮ್ಮ ಮನೆಜಗಳ.

ಸಿಟ್ಟು ಬರುವುದು ಇಲ್ಲಿಂದ ಮುಂದೆ. 2020ರ ಡಿಸೆಂಬರಿನ ನಂತರ ಹೊರದೇಶದ ನುರಿತ ಕೆಲಸಗಾರರನ್ನು ಕರೆಯುವುದನ್ನು ನೀವು ನಿಲ್ಲಿಸಿದಿರಿ. ಮತ್ತೆ ಶುರು ಮಾಡಿದ್ದು 2022ರ ಜುಲೈ 6ಕ್ಕೆ, ಅದೂ 557 ಅಂಕಕ್ಕೆ. ಒಂದೂವರೆ ವರ್ಷ ನಿಮ್ಮ ಬಾಗಿಲು ಹಾಕಿತ್ತು, ನಮ್ಮ ಗಡಿಯಾರ ಮಾತ್ರ ಓಡುತ್ತಲೇ ಇತ್ತು. 2020ರ ಮಳೆಗಾಲದಲ್ಲಿ ಪರೀಕ್ಷೆ ಬರೆದವರ ಕಾಗದ ನೀವು ಬಾಗಿಲು ತೆರೆಯುವ ಹೊತ್ತಿಗೆ ಕೊನೆಯುಸಿರು ಎಳೆಯುತ್ತಿತ್ತು. ತಡ ಮಾಡಿದವರು ನೀವು, ಹಳಸಿದ್ದು ನಮ್ಮದು, ದುಡ್ಡು ಕಟ್ಟಬೇಕಾದವರೂ ನಾವೇ. ಇದಕ್ಕೆ ವಿಡಂಬನೆ ಬೇಕಿಲ್ಲ, ಇದು ಸುಮ್ಮನೆ ಅನ್ಯಾಯ.

ಅದಕ್ಕಿಂತ ಸೋಜಿಗದ್ದು ಇನ್ನೊಂದಿದೆ. ವಲಸೆ ಬಂದವರು ಮುಂದೆ ನಿಮ್ಮ ಪೌರತ್ವ ಕೇಳುವಾಗ 18ರಿಂದ 54 ವಯಸ್ಸಿನವರು ಭಾಷೆಗೆ ಪುರಾವೆ ಕೊಡಬೇಕು. ಆಗ ಅವಧಿ ಮುಗಿದ ಹಳೆಯ ಫಲಿತಾಂಶವನ್ನೂ ನೀವು ಒಪ್ಪುತ್ತೀರಿ! ಕೆಲಸಕ್ಕೆ ಬರಲು ಹಳಸಿದ ಕಾಗದವೇ ಪ್ರಜೆಯಾಗಲು ತಾಜಾ. ಅವರು ಕೆನಡಾದಲ್ಲೇ ಮೂರು ವರ್ಷ ಇದ್ದವರಲ್ಲವೇ, ಭಾಷೆ ಬಳಕೆಯಲ್ಲಿರುತ್ತದೆ ಎನ್ನಬಹುದು. ಹಾಗಿದ್ದರೆ ಬಳಕೆಯಲ್ಲಿರುವ ಭಾಷೆ ಕೆಡುವುದಿಲ್ಲ ಎಂದು ನೀವೇ ಒಪ್ಪಿದಂತಾಯಿತು. ಟೊರಾಂಟೊದ ಬಳಕೆಗೆ ಇರುವ ಬೆಲೆ ಮೈಸೂರಿನ ಬಳಕೆಗೆ ಏಕಿಲ್ಲ? ಕಂಪನಿಯ ಪತ್ರ, ಸಂಬಳದ ಚೀಟಿ ನೋಡಿ ಅನುಭವಕ್ಕೆ ಅಂಕ ಕೊಡುವ ನೀವು, ಆ ಅನುಭವವೆಲ್ಲ ಯಾವ ಭಾಷೆಯಲ್ಲಿ ನಡೆಯಿತೆಂದು ಆ ಪತ್ರದಲ್ಲೇ ಕೇಳಬಹುದಲ್ಲ?

ಪರೀಕ್ಷೆ ರದ್ದು ಮಾಡಿ ಎಂದು ನಾವು ಕೇಳುತ್ತಿಲ್ಲ. ಒಮ್ಮೆ ಬಂದ ಫಲಿತಾಂಶವನ್ನು, ಪ್ರೊಫೈಲ್ ನಿಮ್ಮ ಸಾಲಿನಲ್ಲಿ ಕಾಯುತ್ತಿರುವಷ್ಟು ದಿನ ಜೀವಂತ ಎಂದು ಎಣಿಸಿ. ನೀವು ಡ್ರಾ ನಿಲ್ಲಿಸಿದರೆ ಗಡಿಯಾರವನ್ನೂ ನಿಲ್ಲಿಸಿ. ಅಷ್ಟೂ ಆಗದಿದ್ದರೆ, ಎರಡನೇ ಸಲದ ಫೀಸನ್ನು ಒಟ್ಟಾವಾದಿಂದಲೇ ಕಟ್ಟಿಬಿಡಿ.

ಇತಿ,
ಮೈಸೂರಿನ ಒಬ್ಬ ಪ್ರಜೆ